ಗೈರುಹಾಜರಿ ಗೃಹಸ್ಥರು

ಕಾರವಾರದಿಂದ ಅಂಕೋಲೆಯ ಕಡೆಗೆ ಬರುವ ಹೆದ್ದಾರಿಯಿಂದ ಕಡಲಿನತ್ತ ಕವಲೊಡೆಯುವ ಓಣಿಗಳ ಬಾಯಲ್ಲಿ ಈಗ ಒಂದು ಫಲಕ ಮೇಲಿಂದ ಮೇಲೆ ಕಣ್ಣಿಗೆ ಬೀಳುತ್ತದೆ. ಅದರ ಮೇಲಿನ ಶಬ್ದ ‘ಹೋಂ ಸ್ಟೇ’. ಪರಭಾಷೆಯದೆಂದು ಆ ಶಬ್ದದ ಮೇಲೆ ನನಗೆ ಸಿಟ್ಟಿಲ್ಲ. ಕಚೇರಿ, ಕುರ್ಚಿ, ಮೇಜು, ಬಟಾಟೆಗಳನ್ನೆಲ್ಲ ನುಂಗಿ ನೀರು ಕುಡಿದ ಕನ್ನಡಕ್ಕೆ ಇದೊಂದು ಭಾರವಾಗುವುದಿಲ್ಲ. ಕನ್ನಡ ಕಲಿಸುವವನಾದ್ದರಿಂದ ಶಬ್ದಶುದ್ಧಿಯ ಜಗಳ ತೆಗೆಯಲು ಹೊರಟಿದ್ದಾನೆಂದು ಓದುಗರು ತಿಳಿಯಬಾರದು. ನನ್ನ ಜಗಳ ಬೇರೆ. ಈ ಶಬ್ದ ಸುಳ್ಳು ಹೇಳುತ್ತಿದೆ. ಫಲಕವು ಮನೆಯಲ್ಲಿ ತಂಗಿರೆಂದು ಕರೆಯುತ್ತದೆ. ಒಳಗೆ ಹೋಗಿ ನೋಡಿದರೆ ಮನೆಯವರೇ ಇಲ್ಲ.

ಎಲ್ಲವೂ ಹಾಗಲ್ಲ, ನಿಜ. ಬೇಲೇಕೇರಿಯ ಬದಿಗೋ ಮಾಜಾಳಿಯ ಬದಿಗೋ ಮೀನುಗಾರ ಕುಟುಂಬವೊಂದು ತನ್ನ ಮನೆಯ ಒಂದು ಕೋಣೆಗೆ ಸುಣ್ಣ ಬಳಿದು, ಪಕ್ಕದಲ್ಲೊಂದು ಶೌಚಾಲಯ ಕಟ್ಟಿ, ಬಂದವರಿಗೆ ಬಂಗಡೆಯ ಸಾರು, ಕುಚಲಕ್ಕಿ ಅನ್ನ ಬಡಿಸಿ ನಾಲ್ಕು ಕಾಸು ಸಂಪಾದಿಸಿದರೆ ಅದಕ್ಕಿಂತ ಒಳ್ಳೆಯ ವ್ಯವಹಾರವಿಲ್ಲ. ಅಲ್ಲಿ ತಂಗಿದವನಿಗೆ ಮನೆಯ ಅಜ್ಜಿಯ ಕೆಮ್ಮೂ ಕೇಳಿಸುತ್ತದೆ, ಮೊಮ್ಮಗನ ಮಗ್ಗಿಯೂ ಕೇಳಿಸುತ್ತದೆ. ಅದು ಮನೆ, ಅವನು ತಂಗಿದ್ದೂ ಮನೆಯಲ್ಲಿ. ಇಂಥವರ ಮೇಲೆ ಯಾರಾದರೂ ಕೈಯೆತ್ತಿದರೆ ನಾನು ಅವರ ಪಕ್ಷ.

ನಾನು ಹೇಳುತ್ತಿರುವುದು ಎರಡನೆಯ ಜಾತಿಯದನ್ನು ಕುರಿತು. ಒಡೆಯ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಗೋವೆಯಲ್ಲೋ ದುಬಾಯಿಯಲ್ಲೋ ಇದ್ದಾನೆ. ಮನೆ ಕೊಂಡದ್ದಿರಬಹುದು, ತೀರಿಹೋದ ತಂದೆತಾಯಿಯರಿಂದ ಬಂದದ್ದಿರಬಹುದು. ಹೊರಗಿನವರನ್ನು ದೂರುವುದು ಸುಲಭ. ಇವರಲ್ಲಿ ಅನೇಕರು ನಮ್ಮ ಊರಿನ ಮಕ್ಕಳೇ, ನಮ್ಮೊಡನೆ ಇದೇ ಶಾಲೆಯಲ್ಲಿ ಓದಿದವರೇ. ಮನೆಯ ಚಿತ್ರ ಮೊಬೈಲಿನಲ್ಲಿದೆ, ಹಣ ಮೊಬೈಲಿನಲ್ಲೇ ಸಂದಾಯವಾಗುತ್ತದೆ, ಬಾಗಿಲಿಗೆ ಅಂಕಿ ಒತ್ತಿದರೆ ತೆರೆಯುವ ಬೀಗ. ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಎರಡು ಕಾರು ಬರುತ್ತವೆ, ರವಿವಾರ ಮಧ್ಯಾಹ್ನ ಹೋಗುತ್ತವೆ. ಸೋಮವಾರ ಒಬ್ಬ ಹೆಂಗಸು ಬಂದು ಕಸ ಗುಡಿಸಿ, ಹಾಸಿಗೆಯ ಬಟ್ಟೆ ಬದಲಿಸಿ, ಮತ್ತೆ ಬೀಗ ಹಾಕುತ್ತಾಳೆ. ಆ ಮನೆಯಲ್ಲಿ ಅತಿಥಿಯ ಮುಖ ನೋಡಿದವರು ಅವಳೂ ಅಲ್ಲ. ಹೊಸ್ತಿಲ ಹುಲ್ಲನ್ನು ಕಂಡು ಒಳಗಿನ ಒಡೆಯನ ವಿಷಯದಲ್ಲಿ ಬಸವಣ್ಣನವರಿಗೆ ಬಂದ ಸಂಶಯವನ್ನು ನಮ್ಮ ಮಕ್ಕಳೆಲ್ಲ ಪಾಠದಲ್ಲಿ ಓದುತ್ತಾರೆ. ನಮ್ಮ ಕಾಲದ ಚೋದ್ಯವೆಂದರೆ ಹೊಸ್ತಿಲು ಥಳಥಳಿಸುತ್ತಿದೆ, ಗೋಡೆಗೆ ಹೊಸ ಬಣ್ಣವಿದೆ, ಒಡೆಯ ಮಾತ್ರ ಇಲ್ಲ.

ದಾರಿಹೋಕರ ವಸತಿಗೆ ಕನ್ನಡದಲ್ಲಿ ಹೆಸರುಗಳ ಬಡತನವಿರಲಿಲ್ಲ. ಛತ್ರ, ಧರ್ಮಶಾಲೆ, ಮುಸಾಫರಖಾನೆ, ಬಿಡಾರ, ಪ್ರವಾಸಿ ಬಂಗಲೆ, ಕಡೆಗೆ ಲಾಡ್ಜು. ಪ್ರತಿಯೊಂದು ಹೆಸರಿಗೂ ಒಂದು ವ್ಯವಸ್ಥೆಯಿತ್ತು, ಜವಾಬು ಹೇಳುವ ಒಬ್ಬ ಮನುಷ್ಯನಿದ್ದ. ಛತ್ರಕ್ಕೆ ಪಾರುಪತ್ಯಗಾರ, ಬಂಗಲೆಗೆ ಮೇಟಿ, ಲಾಡ್ಜಿಗೆ ಗಲ್ಲೆಯ ಮೇಲಿನ ಮ್ಯಾನೇಜರು. ಗೃಹಸ್ಥನ ಮನೆಯಲ್ಲಿ ಇಳಿದುಕೊಂಡರೆ ಗೃಹಸ್ಥನೇ ಜವಾಬುದಾರ. ಗೋಕರ್ಣಕ್ಕೆ ಬಂದ ಯಾತ್ರಿಕರು ತಲೆಮಾರುಗಳಿಂದ ತಮ್ಮ ತಮ್ಮ ಉಪಾಧ್ಯರ ಮನೆಯಲ್ಲಿ ಇಳಿಯುತ್ತಿದ್ದರು. ದಕ್ಷಿಣೆ ಕೊಡುತ್ತಿದ್ದರು, ಊಟ ಮಾಡುತ್ತಿದ್ದರು. ಹಣದ ಸಂಬಂಧ ಅಲ್ಲಿಯೂ ಇತ್ತು, ಆದರೆ ಭಟ್ಟರು ಜಗಲಿಯ ಮೇಲಿದ್ದರು.

ಹಿಂದಿನದನ್ನೆಲ್ಲ ಚಿನ್ನವೆಂದು ತೂಗುವ ಚಟ ನನಗಿಲ್ಲ. ಆ ಜಗಲಿಯ ಮೇಲೆ ಬಂದವನ ಜಾತಿ ಕೇಳುತ್ತಿದ್ದರು; ಉತ್ತರಕ್ಕನುಸಾರವಾಗಿ ಒಳಗೆ, ಜಗಲಿಯಲ್ಲಿ ಅಥವಾ ಅಂಗಳದ ಹೊರಗೆ ಅವನ ಜಾಗ ನಿಶ್ಚಯವಾಗುತ್ತಿತ್ತು. ಹಣ ಕೊಟ್ಟವನಿಗೆ ಕೋಣೆ, ಜಾತಿ ಯಾವುದಾದರೇನು ಎಂಬ ಲಾಡ್ಜಿನ ನ್ಯಾಯವು ಆ ಆತಿಥ್ಯಕ್ಕಿಂತ ಎಷ್ಟೋ ಮೇಲು. ಅತಿಥಿಯನ್ನು ದೇವರೆನ್ನುವ ಉಪನಿಷತ್ತಿನ ಮಾತನ್ನು ಪ್ರವಾಸೋದ್ಯಮದವರು ಜಾಹೀರಾತಿಗೆ ಬಳಸುವಾಗ ಈ ಚರಿತ್ರೆಯನ್ನು ಮರೆತಿರುತ್ತಾರೆ. ನಾನು ಮರೆತಿಲ್ಲ. ನನ್ನ ಬೇಡಿಕೆ ಹಳೆಯ ಜಗಲಿಯಲ್ಲ. ಲಾಡ್ಜು ಲಾಡ್ಜಾಗಿರಲಿ, ಮನೆ ಮನೆಯಾಗಿರಲಿ, ಒಂದರ ವೇಷವನ್ನು ಇನ್ನೊಂದು ಹಾಕಿಕೊಳ್ಳದಿರಲಿ, ಇಷ್ಟೇ.

ಕಾರವಾರದ ಅತ್ಯಂತ ಪ್ರಸಿದ್ಧ ಅತಿಥಿಯೂ ಇಂಥ ನಿಜವಾದ ಮನೆಯಲ್ಲಿಯೇ ತಂಗಿದ್ದ. 1880ರ ದಶಕದ ಆರಂಭದಲ್ಲಿ ತರುಣ ರವೀಂದ್ರನಾಥ ಠಾಕೂರರು ಇಲ್ಲಿಗೆ ಬಂದದ್ದು ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ. ಕಾಳಿನದಿಯಲ್ಲಿ ದೋಣಿಯೇರಿ ಹೋದದ್ದು, ಬೆಳದಿಂಗಳಲ್ಲಿ ಮರಳಿನ ಮೇಲೆ ನಡೆದು ಬಂದದ್ದು ಅವರ ನೆನಪುಗಳಲ್ಲಿದೆ. ‘ಪ್ರಕೃತಿಯ ಪ್ರತಿಶೋಧ’ವೆಂಬ ನಾಟಕ ಇಲ್ಲಿಯೇ ಹುಟ್ಟಿತು. ಇಂದು ಆ ದಂಡೆಗೆ ಅವರ ಹೆಸರಿದೆ. ಅವರ ಚಿತ್ರವನ್ನು ಕರಪತ್ರದಲ್ಲಿ ಅಚ್ಚುಹಾಕಿಸುವವರು ಅಣ್ಣನ ಮನೆಯನ್ನೂ ಒಮ್ಮೆ ನೆನೆಯಬೇಕು.

ಇನ್ನೊಂದು ಸಂಗತಿ. ಈ ವ್ಯಾಪಾರವನ್ನು ಜಗತ್ತಿಗೆಲ್ಲ ಹಬ್ಬಿಸಿದ ಏರ್‌ಬಿಎನ್‌ಬಿ ಎಂಬ ಕಂಪನಿ ಹುಟ್ಟಿದ ಕಥೆಯೂ ನನ್ನ ಕಡೆಗೇ ಸಾಕ್ಷಿ ಹೇಳುತ್ತದೆ. 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮನೆಬಾಡಿಗೆ ಕೊಡಲು ಕಷ್ಟಪಡುತ್ತಿದ್ದ ಇಬ್ಬರು ಹುಡುಗರು ತಾವಿದ್ದ ಮನೆಯಲ್ಲಿಯೇ ಗಾಳಿ ತುಂಬುವ ಹಾಸಿಗೆಗಳನ್ನು ಹಾಸಿ, ಊರಿಗೆ ಸಮ್ಮೇಳನಕ್ಕೆ ಬಂದ ಮೂವರನ್ನು ಮಲಗಿಸಿ ಹಣ ಪಡೆದರು. ಅವರೂ ಮನೆಯಲ್ಲಿದ್ದರು! ಬಾಡಿಗೆ ಕಟ್ಟಲಾಗದವನ ಉಪಾಯವಾಗಿ ಹುಟ್ಟಿದ್ದು ಹದಿನೈದು ಇಪ್ಪತ್ತು ವರ್ಷಗಳಲ್ಲಿ ಬಾಡಿಗೆಮನೆಯನ್ನೇ ಇಲ್ಲವಾಗಿಸುವ ಉಪಾಯವಾಯಿತು. ನಮ್ಮ ಕೊಡಗಿನಲ್ಲಿಯೂ ಹೀಗೆಯೇ. ಈ ಶತಮಾನದ ಆರಂಭದಲ್ಲಿ ಕಾಫಿಯ ಬೆಲೆ ಕುಸಿದಾಗ ಅಲ್ಲಿಯ ಬೆಳೆಗಾರರು ತಮ್ಮ ತೋಟದ ಮನೆಗಳಿಗೆ ಪ್ರವಾಸಿಗರನ್ನು ಕರೆದರು. ಒಟ್ಟಿಗೆ ಕೂತು ಊಟ ಮಾಡಿದರು. ಆಮೇಲೆ ಬಂದವರು ತೋಟವಿಲ್ಲದೆ, ಊಟವಿಲ್ಲದೆ, ತಾವೂ ಇಲ್ಲದೆ ಅದೇ ಹೆಸರನ್ನು ಹಚ್ಚಿಕೊಂಡರು.

ಸರಕಾರ ಈ ಭೇದವನ್ನು ಅರಿಯದೆ ಇದೆಯೆ? ಇಲ್ಲ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಂ ಸ್ಟೇ ಯೋಜನೆಯ ನಿಯಮಗಳನ್ನು ತೆಗೆದು ನೋಡಿ. ಒಂದರಿಂದ ಆರು ಕೋಣೆಗಳ ತನಕ ಕೊಡಬಹುದು; ಒಡೆಯನು ತನ್ನ ಕುಟುಂಬದೊಡನೆ ಅದೇ ಮನೆಯಲ್ಲಿ ವಾಸವಾಗಿರಬೇಕು ಎಂದು ಅಲ್ಲಿ ಸ್ಪಷ್ಟವಾಗಿದೆ. 2019ರ ಜನವರಿಯ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯೂ ಮೀನುಗಾರರೇ ಮೊದಲಾದ ಸ್ಥಳೀಯರು ಹೋಂ ಸ್ಟೇ ನಡೆಸಬಹುದೆಂದು ಹೇಳಿ, ಇದ್ದ ಮನೆಯ ತಳಪಾಯದ ಅಳತೆಯನ್ನಾಗಲಿ ವಿನ್ಯಾಸವನ್ನಾಗಲಿ ಮುಂಭಾಗವನ್ನಾಗಲಿ ಬದಲಿಸಬಾರದೆಂದು ಷರತ್ತು ಹಾಕಿತು. ಎರಡರ ಹಿಂದಿನ ಭಾವವೂ ಒಂದೇ: ಇದು ಇಲ್ಲಿ ಬಾಳುವವರ ಉಪವೃತ್ತಿ. ಹೋಂ ಸ್ಟೇ ಅಂಗಡಿಯಲ್ಲ, ಮನೆ. ಆದುದರಿಂದ ಅದಕ್ಕೆ ಮನೆಯ ದರದಲ್ಲಿಯೇ ತೆರಿಗೆ, ವಿದ್ಯುತ್ತು, ನೀರು ಸಲ್ಲಬೇಕು ಎಂಬ ವಾದಕ್ಕೂ ಇದೇ ಆಧಾರ. ಈಗ ಆಗುತ್ತಿರುವುದೇನೆಂದರೆ, ಬಾಳುವವನಿಗಾಗಿ ತೆರೆದ ಬಾಗಿಲಿನಿಂದ ಬಾಳದವನು ಒಳಗೆ ಬಂದು ಕೂತಿದ್ದಾನೆ. ಅಲ್ಲ, ಕೂತೂ ಇಲ್ಲ. ಬೀಗ ಹಾಕಿ ಹೋಗಿದ್ದಾನೆ.

“ಅದರಿಂದ ನಿಮ್ಮ ಗಂಟೇನು ಹೋಯಿತು ಮಾಸ್ತರೆ?” ಎಂದು ನನ್ನ ಮಿತ್ರರೊಬ್ಬರು ಕೇಳಿದರು. ಅವರಿಗೆ ಇಂಥ ಎರಡು ಮನೆಗಳಿವೆ. ಗಂಟು ಹೋದ ಬಗೆಯನ್ನು ಅವರಿಗೂ ಓದುಗರಿಗೂ ಒಟ್ಟಿಗೇ ಹೇಳುತ್ತೇನೆ.

ಮೊದಲು ನೀರು. ನಮ್ಮ ಕಡಲಂಚಿನ ಮರಳುಭೂಮಿಯಲ್ಲಿ ಸಿಹಿನೀರು ಎಂಬುದು ಉಪ್ಪುನೀರಿನ ಮೇಲೆ ತೇಲುವ ಒಂದು ತೆಳುಪದರ. ಮೇಲಿನ ಸಿಹಿನೀರಿನ ಮಟ್ಟ 1 ಅಡಿ ಇಳಿದರೆ ಅಡಿಯಿಂದ ಉಪ್ಪುನೀರು ಸುಮಾರು 40 ಅಡಿ ಮೇಲೇರಬಲ್ಲದು ಎಂಬುದು ಭೂಜಲಶಾಸ್ತ್ರದ ಹಳೆಯ ಲೆಕ್ಕ. ನಮ್ಮ ಹಿರಿಯರಿಗೆ ಆ ಲೆಕ್ಕ ತಿಳಿಯದಿದ್ದರೂ ಫಲ ತಿಳಿದಿತ್ತು. ಏಪ್ರಿಲ್ ಬಂತೆಂದರೆ ಬಾವಿಗೆ ಬಿಟ್ಟ ಕೊಡಪಾನ ಎಷ್ಟು ಸಲ ಇಳಿಯಬೇಕೆಂದು ಮನೆಯ ಹೆಂಗಸರೇ ಮಿತಿ ಹಾಕಿಕೊಳ್ಳುತ್ತಿದ್ದರು. ನೆರೆಮನೆಯ ಬಾವಿ ಉಪ್ಪಾದರೆ ನಮ್ಮದೂ ಆಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಗಂಗಾವಳಿಯ ನಳ ಬಂದಿದೆ, ನಿಜ. ಬೇಸಗೆಯಲ್ಲಿ ನಳದ ನೀರು ಸಾಲದಾಗ ಮತ್ತೆ ಬಾವಿಯೇ ಗತಿ. ಈ ಮಿತಿಯ ಅರಿವು ಎರಡು ರಾತ್ರಿಗೆ ಬಂದವನಿಗೆ ಇರಲಾರದು. ಅದು ಅವನ ತಪ್ಪೂ ಅಲ್ಲ. ಹೇಳಬೇಕಾದವರು ಮನೆಯಲ್ಲಿದ್ದರೆ ಹೇಳುತ್ತಿದ್ದರು. ಕಡಲಲ್ಲಿ ಮಿಂದು ಬಂದ ಹನ್ನೆರಡು ಜನ ಪಂಪು ಹಾಕಿಕೊಂಡು ಮೈತೊಳೆಯುತ್ತಾರೆ. ಐವರ ಕುಟುಂಬಕ್ಕೆಂದು ತೋಡಿದ ಶೌಚದ ಗುಂಡಿ ಹನ್ನೆರಡು ಜನರ ಭಾರ ಹೊರುತ್ತದೆ. ಮರಳಿನಲ್ಲಿ ಗುಂಡಿಯ ನೀರಿಗೂ ಬಾವಿಯ ನೀರಿಗೂ ನಡುವೆ ಎಷ್ಟು ದೂರ? ನಮ್ಮ ಓಣಿಗಳಲ್ಲಿ ಒಂದು ಹಿತ್ತಿಲ ಬೇಲಿಯಷ್ಟು ದೂರ.

ಬಾವಿಗಿಂತ ದೊಡ್ಡ ಸಂಕಟ ಬಾಡಿಗೆಯದು. ಕಾರವಾರವೂ ಅಂಕೋಲೆಯೂ ಬಾಡಿಗೆಮನೆಯನ್ನು ನಂಬಿದ ಊರುಗಳು. ಕಾರವಾರ ಜಿಲ್ಲೆಯ ಮುಖ್ಯ ಊರು. ವರ್ಗವಾಗಿ ಬರುವ ಗುಮಾಸ್ತರು, ಮಾಸ್ತರರು, ಅಕ್ಕೋರುಗಳು, ಪೊಲೀಸರು, ಆಸ್ಪತ್ರೆಯ ದಾದಿಯರು, ವೈದ್ಯಕೀಯ ಕಾಲೇಜಿನ ಹುಡುಗರು, ಕೈಗಾದ ಗುತ್ತಿಗೆಯ ಕೆಲಸಗಾರರು ಎಲ್ಲರಿಗೂ ಬೇಕಾದದ್ದು ಎರಡು ಕೋಣೆ, ಒಂದು ಅಡಿಗೆಮನೆ. ಈಗ ಒಂದು ಲೆಕ್ಕ ಹಾಕೋಣ. ಅಂಥ ಮನೆಯ ತಿಂಗಳ ಬಾಡಿಗೆ 9 ಸಾವಿರ ರೂಪಾಯಿ ಎಂದಿಟ್ಟುಕೊಳ್ಳಿ. ಅದೇ ಮನೆಯನ್ನು ಒಂದು ರಾತ್ರಿಗೆ 3 ಸಾವಿರದಂತೆ ಪ್ರವಾಸಿಗರಿಗೆ ಕೊಟ್ಟರೆ ಮೂರು ರಾತ್ರಿಗೆ ತಿಂಗಳ ಬಾಡಿಗೆ ಬಂತು. ನಾಲ್ಕು ಶನಿವಾರ ತುಂಬಿದರೆ 12 ಸಾವಿರ. ಉಳಿದ ಇಪ್ಪತ್ತಾರು ರಾತ್ರಿ ಮನೆ ಖಾಲಿ ಬಿದ್ದಿದ್ದರೂ ಒಡೆಯನಿಗೆ ನಷ್ಟವಿಲ್ಲ. ಹೀಗೆ ಊರಿನಲ್ಲಿ ಮನೆಗಳು ಖಾಲಿ ಇರುತ್ತವೆ, ಜನ ಮನೆಯಿಲ್ಲದೆ ಅಲೆಯುತ್ತಾರೆ. ಇದರಲ್ಲಿ ಯಾರೂ ದುಷ್ಟರಿಲ್ಲ, ಲೆಕ್ಕವೇ ಹಾಗಿದೆ. ಕೊಂಕಣ ರೈಲು, ಚತುಷ್ಪಥ ಹೆದ್ದಾರಿ, 2023ರ ಜನವರಿಯಿಂದ ಗೋವೆಯ ಮೋಪಾದಲ್ಲಿ ಹಾರಾಡತೊಡಗಿದ ವಿಮಾನಗಳು ಇವೆಲ್ಲ ಆ ಲೆಕ್ಕವನ್ನು ಇನ್ನಷ್ಟು ಸಲೀಸುಗೊಳಿಸಿವೆ.

ನಮ್ಮ ಕಾಲೇಜುಗಳಲ್ಲಿ ‘ಅತಿಥಿ ಉಪನ್ಯಾಸಕ’ರೆಂಬ ಒಂದು ವರ್ಗವಿದೆ. ಖಾಯಂ ಉಪನ್ಯಾಸಕರ ಪಾಠವನ್ನೇ ಮಾಡುತ್ತಾರೆ, ಸಂಬಳ ಮಾತ್ರ ಅದರ ಒಂದು ಚೂರು. ಹಾವೇರಿಯ ಕಡೆಯಿಂದ ಬಂದ ಅಂಥ ತರುಣರೊಬ್ಬರು ಎರಡು ತಿಂಗಳು ಮನೆ ಹುಡುಕಿದರು. ಸಿಕ್ಕ ಒಂದು ಮನೆಯ ಷರತ್ತು ಇದು: ಜೂನಿನಿಂದ ಸಪ್ಟೆಂಬರಿನವರೆಗೆ ಇರಬಹುದು, ಅಕ್ಟೋಬರಿನಲ್ಲಿ ‘ಸೀಜನ್’ ಸುರುವಾದೊಡನೆ ಬಿಡಬೇಕು. ಮಳೆಗಾಲದಲ್ಲಿ ಮನೆಗೆ ಬೂಸಲು ಹಿಡಿಯದಂತೆ ಕಾಯುವ ಕೆಲಸ ಬಾಡಿಗೆದಾರನದು, ಬಿಸಿಲು ಬಂದ ಮೇಲೆ ಮನೆ ಪ್ರವಾಸಿಗರದು! ಹೆಸರಿನಲ್ಲಿಯೇ ಅತಿಥಿಯಾದವನಿಗೆ ಅತಿಥಿಗೃಹಗಳಿಂದ ತುಂಬಿದ ಊರಿನಲ್ಲಿ ತಲೆಯೂರಲು ಜಾಗವಿಲ್ಲವೆಂದರೆ ನಗಬೇಕೋ ಅಳಬೇಕೋ ತಿಳಿಯದು. ಈಗ ಅವರು ಕುಮಟೆಯಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಾರೆ.

ಈ ನಾಡಿನಲ್ಲಿ ನೆಲ ಮೊದಲೇ ಇಕ್ಕಟ್ಟು. ಒಂದು ಬದಿಗೆ ಘಟ್ಟ ಕಡಲಿನ ತನಕ ಕಾಲು ಚಾಚಿದೆ, ಇನ್ನೊಂದು ಬದಿಗೆ ಕಡಲು. ನಡುವಿನ ಪಟ್ಟಿಯಲ್ಲಿ ಗದ್ದೆ, ಗಜನಿ, ತೋಟ, ಊರು, ರೈಲು, ಹೆದ್ದಾರಿ. 1986ರಲ್ಲಿ ಅಡಿಗಲ್ಲು ಬಿದ್ದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲೆ ತಾಲೂಕುಗಳ ಕಡಲಂಚಿನ ಹಳ್ಳಿಗಳಿಂದ ಸಾವಿರಾರು ಕುಟುಂಬಗಳು ಎದ್ದು ಹೋದವು. ದೇಶಕ್ಕೆಂದು ಮನೆ ಬಿಟ್ಟವರ ಪರಿಹಾರದ ವ್ಯಾಜ್ಯ ಎಷ್ಟು ವರ್ಷ ನಡೆಯಿತೆಂಬುದನ್ನು ಇಲ್ಲಿ ಬಿಚ್ಚಿ ಹೇಳಬೇಕಾಗಿಲ್ಲ. ಹಾಗೆ ಎದ್ದು ಬಂದವರು ಮತ್ತೆ ಕಟ್ಟಿಕೊಂಡ ಕೇರಿಗಳ ನಡುವೆಯೂ ಈಗ ಅಂಕಿಬೀಗದ ಮನೆಗಳು ಎದ್ದಿವೆ.

ನನಗೆ ಹೆಚ್ಚು ಬೇಸರ ತರುವುದು ಇದು ಅಂಕೋಲೆಯಲ್ಲಿ ಆಗುತ್ತಿದೆಯೆಂಬುದು. 1930ರ ಉಪ್ಪಿನ ಸತ್ಯಾಗ್ರಹ, ಅದರ ಬೆನ್ನಿಗೆ ಬಂದ ಕರನಿರಾಕರಣೆ, ಜಪ್ತಿಯಾದ ಮನೆಮಾರು, ಇವನ್ನೆಲ್ಲ ನಾವು ಆಗಸ್ಟ್ 15ರಂದು ಭಾಷಣದಲ್ಲಿ ಹೇಳುತ್ತೇವೆ. ಭಾಷಣದಲ್ಲಿ ಅಷ್ಟಾಗಿ ಬಾರದ ಇನ್ನೊಂದು ಹೋರಾಟವಿದೆ. ಗೇಣಿ ಒಕ್ಕಲುಗಳನ್ನು ಸಂಘಟಿಸಿದ್ದಕ್ಕಾಗಿ ಅಳಗೇರಿಯ ದಿನಕರ ದೇಸಾಯಿಯವರನ್ನು 1940ರಲ್ಲಿ ಬ್ರಿಟಿಷ್ ಸರಕಾರ ಜಿಲ್ಲೆಯಿಂದಲೇ ಗಡೀಪಾರು ಮಾಡಿತು. ಚುಟುಕುಗಳಿಗಾಗಿ ನಾವು ನೆನೆಯುವ ಆ ಮನುಷ್ಯ ಬಾಳಿನ ಬಹುಭಾಗ ಕೇಳಿದ್ದು ಒಂದೇ ಪ್ರಶ್ನೆ: ನೆಲದ ಮೇಲೆ ಕಾಲಿಡದವನು ನೆಲದ ಒಡೆಯನಾಗುವುದು ಹೇಗೆ? ದೂರದಲ್ಲಿ ಕೂತು ಗೇಣಿ ಎಣಿಸುವ ಜಮೀನುದಾರನ ವಿರುದ್ಧ ಒಂದು ತಲೆಮಾರು ಸೆಣಸಿದ ಮೇಲೆ, 1974ರ ಮಾರ್ಚಿನಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಉಳುವವನಿಗೆ ನೆಲ ಬಂತು. ಕಂದೀಲು ಹಿಡಿದು ಅರ್ಜಿ ಬರೆಸಲು ಓಡಾಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. 2020ರಲ್ಲಿ ಅದೇ ಕಾನೂನಿನ 79-ಎ, 79-ಬಿ ಕಲಮುಗಳನ್ನು ತೆಗೆದುಹಾಕಿದರು. ಕೃಷಿಕನಲ್ಲದವನೂ ಈಗ ಕೃಷಿಭೂಮಿ ಕೊಳ್ಳಬಹುದು. ಕಡಲು ಕಾಣುವ ಗದ್ದೆಗೆ ಗಿರಾಕಿ ಯಾರು ಬರುತ್ತಾರೆ, ಅವರು ಅಲ್ಲಿ ಭತ್ತ ಬೆಳೆಯುತ್ತಾರೋ ಈಜುಕೊಳ ತೋಡುತ್ತಾರೋ ಎಂಬುದನ್ನು ಊಹಿಸಲು ಪಂಚಾಂಗ ನೋಡಬೇಕಾಗಿಲ್ಲ. ಗೈರುಹಾಜರಿ ಜಮೀನುದಾರನನ್ನು ಮುಂಬಾಗಿಲಿನಿಂದ ಕಳಿಸಿದ ಊರು ಗೈರುಹಾಜರಿ ಗೃಹಸ್ಥನನ್ನು ಹಿತ್ತಿಲ ಬಾಗಿಲಿನಿಂದ ಕರೆದುಕೊಂಡಿದೆ. ಹಳೆಯ ಜಮೀನುದಾರ ಸುಗ್ಗಿಗಾದರೂ ಒಮ್ಮೆ ಬರುತ್ತಿದ್ದ.

ಸುಗ್ಗಿಯೆಂದ ಮೇಲೆ ಒಂದು ಮಾತು. ಹೋಳಿಯ ಹೊತ್ತಿಗೆ ಹಾಲಕ್ಕಿಗಳ ಸುಗ್ಗಿಯ ಮೇಳ ತುರಾಯಿ ಕಟ್ಟಿಕೊಂಡು ಮನೆಯಿಂದ ಮನೆಗೆ ಬರುತ್ತದೆ. ಅಂಗಳದಲ್ಲಿ ಕುಣಿತ ಮುಗಿದೊಡನೆ ಮನೆಯವರು ಕಾಯಿ, ಅಕ್ಕಿ, ಹಣ ಕೊಡಬೇಕು. ಬೀಗ ಹಾಕಿದ ಮನೆಯ ಅಂಗಳಕ್ಕೆ ಮೇಳ ಹೋಗುವುದಿಲ್ಲ. ಪ್ರವಾಸಿಗರಿದ್ದರೆ ಅವರು ಮೊಬೈಲು ಹಿಡಿದು ಚಿತ್ರ ತೆಗೆಯುತ್ತಾರೆ. ಕೊಡಬೇಕಾದುದೇನು, ಯಾರ ಕೈಗೆ ಎಂಬುದು ಅವರಿಗೆ ಹೇಗೆ ತಿಳಿಯಬೇಕು? ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿಯಲ್ಲಿ ತೀರಿಕೊಂಡಾಗ ‘ಜನಪದದ ಕೊಂಡಿ ಕಳಚಿತು’ ಎಂಬ ಧಾಟಿಯಲ್ಲಿ ನಾವೆಲ್ಲ ಬರೆದೆವು. ಹಾಡಿನ ಕೊಂಡಿಗೆ ಅಂಗಳವೂ ಒಂದು ಗೂಟ. ಅದನ್ನು ಬರೆಯಲಿಲ್ಲ.

ಇನ್ನು ರಾತ್ರಿಯ ವಿಷಯ. ಗದ್ದಲ, ಹಾಡು, ಬಾಟಲಿ ಎಂದು ಜನ ದೂರುತ್ತಾರೆ. ನಾನು ಆ ದೂರನ್ನು ದೊಡ್ಡದು ಮಾಡುವುದಿಲ್ಲ. ಮದುವೆಯ ಮನೆಯ ಧ್ವನಿವರ್ಧಕವನ್ನೂ ರಾತ್ರಿಯಿಡೀ ಯಕ್ಷಗಾನದ ಚಂಡೆಯನ್ನೂ ಸಹಿಸುವವರು ನಾಲ್ಕು ಹುಡುಗರ ಹಾಡಿಗೆ ಸಾಯುವುದಿಲ್ಲ. ಭೇದ ಇಷ್ಟೇ: ಮದುವೆಯ ಮನೆಯವರಿಗೆ ‘ಮಗುವಿಗೆ ಜ್ವರ, ಸ್ವಲ್ಪ ಕಮ್ಮಿ ಮಾಡಿ’ ಎಂದು ಹೋಗಿ ಹೇಳಬಹುದು, ನಾಳೆ ಅವರೇ ಮಗು ಹೇಗಿದೆಯೆಂದು ಕೇಳುತ್ತಾರೆ. ಇಲ್ಲಿ ಹೇಳುವುದು ಯಾರಿಗೆ?

ಇಲ್ಲಿ ಕೆಲವರು ನನ್ನ ಪಕ್ಕಕ್ಕೆ ಬಂದು ನಿಲ್ಲಲು ಹವಣಿಸುತ್ತಾರೆ. ಅವರನ್ನು ಈಗಲೇ ದೂರ ಇಡಬೇಕು. ಹೋಂ ಸ್ಟೇ ಎಂದೊಡನೆ ಅವರಿಗೆ ಸಂಸ್ಕೃತಿ ನೆನಪಾಗುತ್ತದೆ, ಯಾರು ಯಾರೊಡನೆ ಬಂದರು ಎಂಬ ಚಿಂತೆ ಹತ್ತುತ್ತದೆ. 2012ರ ಜುಲಾಯಿಯಲ್ಲಿ ಮಂಗಳೂರಿನ ಪಡೀಲಿನ ಒಂದು ಹೋಂ ಸ್ಟೇಗೆ ನುಗ್ಗಿ, ಹುಟ್ಟುಹಬ್ಬ ಆಚರಿಸುತ್ತಿದ್ದ ಹುಡುಗ ಹುಡುಗಿಯರನ್ನು ಹೊಡೆದ ಗುಂಪನ್ನು ನಾಡೆಲ್ಲ ನೋಡಿದೆ. ಅದು ಗೂಂಡಾಗಿರಿ, ಅದಕ್ಕೆ ಬೇರೆ ಹೆಸರಿಲ್ಲ. ವಯಸ್ಸಿಗೆ ಬಂದವರು ಯಾರೊಡನೆ ಎಲ್ಲಿ ತಂಗುತ್ತಾರೆಂಬುದು ಪುರಸಭೆಗೂ ಸಂಬಂಧಿಸಿದ್ದಲ್ಲ, ನನಗೂ ಅಲ್ಲ. ನಾನು ಕೇಳುತ್ತಿರುವುದು ಅತಿಥಿಯ ನಡತೆಯ ಲೆಕ್ಕವಲ್ಲ, ಒಡೆಯನ ಹಾಜರಿಯ ಲೆಕ್ಕ. ಅತಿಥಿ ನಿರಪರಾಧಿ. ಅವನಿಗೂ ಮೋಸವಾಗುತ್ತಿದೆ.

ಹೇಗೆಂದರೆ, ಕಡಲು ಅವನಿಗೆ ಗೊತ್ತಿಲ್ಲ. ಜೂನ್ 1ರಿಂದ ಜುಲಾಯಿ 31ರ ತನಕ ಯಂತ್ರದ ದೋಣಿಗಳೇ ಕಡಲಿಗಿಳಿಯದ ಕಾಲದಲ್ಲಿಯೂ ಬಯಲುಸೀಮೆಯಿಂದ ಬಂದ ಹುಡುಗರು ತೆರೆಯೊಡನೆ ಆಡಲು ಇಳಿಯುತ್ತಾರೆ. ಮನೆಯಲ್ಲಿ ಒಬ್ಬ ಹರಿಕಂತ್ರರ ಮುದುಕನಿದ್ದರೆ, “ಇವತ್ತು ನೀರಿಗೆ ಇಳೀಬೇಡ ತಮಾ, ಒಳಸೆಳೆತ ಉಂಟು” ಎಂದು ಹೇಳುತ್ತಿದ್ದ. ಅಂಕಿಬೀಗ ಹೇಳುವುದಿಲ್ಲ. 2024ರ ನವೆಂಬರಿನಲ್ಲಿ ಉಳ್ಳಾಲದ ಬಳಿಯ ಒಂದು ರೆಸಾರ್ಟಿನ ಈಜುಕೊಳದಲ್ಲಿ ಮೈಸೂರಿನಿಂದ ಬಂದ ಮೂವರು ತರುಣಿಯರು ಮುಳುಗಿಹೋದರು. ಆಳದ ನೀರಿನ ಬಳಿ ಕಾಯುವವನೊಬ್ಬನಿರಲಿಲ್ಲ. ಮನೆಯೊಡೆಯನೂ ಇಲ್ಲದ ಕಡೆ ಹೇಳುವುದೇನು? ಮಳೆಗಾಲದ ನಮ್ಮ ನದಿಗಳನ್ನೂ ನೆನೆಯಬೇಕು. 2019ರ ಆಗಸ್ಟಿನಲ್ಲಿ ಕದ್ರಾ ಆಣೆಕಟ್ಟೆಯ ನೀರು ಬಿಟ್ಟಾಗ ಕಾಳಿಯ ದಂಡೆಯ ಊರುಗಳು ಮುಳುಗಿದವು. ಅದೇ ತಿಂಗಳಲ್ಲಿಯೂ ಮತ್ತೆ 2021ರ ಜುಲಾಯಿಯಲ್ಲಿಯೂ ಗಂಗಾವಳಿ ಉಕ್ಕಿತು. 2024ರ ಜುಲಾಯಿ 16ರಂದು ಶಿರೂರಿನಲ್ಲಿ ಗುಡ್ಡವೇ ಕುಸಿಯಿತು. ಇಂಥ ಹೊತ್ತಿನಲ್ಲಿ ಸರಕಾರಕ್ಕಿಂತ ಮೊದಲು ಬರುವವರು ನೆರೆಯವರು. ‘ಆ ಮನೆಯಲ್ಲಿ ಎಷ್ಟು ಜನ? ಮುದುಕಿಯನ್ನು ಹೊರಗೆ ತಂದರೆ?’ ಎಂಬ ಪ್ರಶ್ನೆಗೆ ಓಣಿಯಲ್ಲಿ ಯಾರಿಗಾದರೂ ಉತ್ತರ ಗೊತ್ತಿರುತ್ತದೆ. ರಾತ್ರಿಗೊಬ್ಬರು ಬದಲಾಗುವ ಮನೆಯ ಮಟ್ಟಿಗೆ ಆ ಉತ್ತರ ಗೊತ್ತಿರುವುದು ಬೆಂಗಳೂರಿನ ಒಂದು ಮೊಬೈಲಿಗೆ ಮಾತ್ರ.

‘ನನ್ನ ಮನೆ, ನನ್ನ ಇಷ್ಟ’ ಎಂಬುದು ದೊಡ್ಡ ವಾದವೆಂದು ಮಿತ್ರರು ತಿಳಿದಿದ್ದಾರೆ. ಅದೇ ಮನೆಯಲ್ಲಿ ನಾಳೆ ಅಕ್ಕಿಯ ಗಿರಣಿ ಹಾಕಲು ಹೋಗಲಿ, ಪುರಸಭೆ ಪರವಾನಿಗೆ ಎಲ್ಲಿ ಎಂದು ಕೇಳುತ್ತದೆ. ಗಿರಣಿಗೆ ಪರವಾನಿಗೆ ಬೇಕು, ಚಾದ ಅಂಗಡಿಗೆ ಬೇಕು, ಲಾಡ್ಜಿಗೆ ಬೇಕು. ಪೇಟೆಯ ಲಾಡ್ಜಿನವನು ವಾಣಿಜ್ಯದ ದರದಲ್ಲಿ ತೆರಿಗೆ, ವಿದ್ಯುತ್ ಬಿಲ್ಲು ಕಟ್ಟಿ, ಬಂದವರ ಹೆಸರು ದಾಖಲೆ ಪುಸ್ತಕದಲ್ಲಿ ಬರೆದು ವ್ಯಾಪಾರ ಮಾಡುತ್ತಾನೆ. ಓಣಿಯೊಳಗಿನ ಇವನು ಅದೇ ವ್ಯಾಪಾರವನ್ನು ಮನೆಯ ಹೆಸರಿನಲ್ಲಿ ಮಾಡುತ್ತಾನೆ. ಇಷ್ಟದ ಮಾತಲ್ಲ, ಕಳ್ಳತೂಕದ ಮಾತು.

‘ಬಡವರ ಹೊಟ್ಟೆಯ ಮೇಲೆ ಹೊಡೆಯುತ್ತೀರಾ?’ ಎಂಬುದು ಇದಕ್ಕಿಂತ ಭಾರವಾದ ಪ್ರಶ್ನೆ. ಸೋಮವಾರ ಕಸ ಗುಡಿಸುವ ಹೆಂಗಸಿಗೆ ಅದು ಸಂಪಾದನೆ, ಸುಳ್ಳಲ್ಲ. ಆದರೆ ಹಣ ಹರಿಯುವ ದಾರಿಯನ್ನು ನೋಡಬೇಕು. ಮನೆಯವರು ಇರುವ ಮನೆಯಲ್ಲಿ ಅತಿಥಿ ಕೊಟ್ಟ ಹಣ ಮೀನು ಮಾರುವ ಹೆಂಗಸಿಗೆ, ಹಾಲಿನವನಿಗೆ, ಮೇ ತಿಂಗಳಾದರೆ ಕರಿ ಈಶಾಡು ಮಾವಿನ ಬುಟ್ಟಿ ಹೊತ್ತವಳಿಗೆ ಹಂಚಿಕೆಯಾಗುತ್ತದೆ. ಅಂಕಿಬೀಗದ ಮನೆಯ ಹಣ ಹುಟ್ಟಿದ ಕ್ಷಣವೇ ಊರು ಬಿಟ್ಟಿರುತ್ತದೆ. ಊರಿಗೆ ಉಳಿಯುವುದು ಗುಡಿಸಿದ ಕೂಲಿ ಮತ್ತು ಗುಡಿಸಿದ ಕಸ. ಅಲ್ಲದೆ ಈ ಮನೆಗಳಿಂದ ಮೊದಲು ಹೊಡೆತ ತಿನ್ನುವುದು ಯಾರು? ಮೊದಲು ಹೇಳಿದೆನಲ್ಲ, ಸುಣ್ಣ ಬಳಿದ ಒಂದು ಕೋಣೆಯ ಆ ಮೀನುಗಾರ ಕುಟುಂಬ. ಮೊಬೈಲಿನ ಚಿತ್ರಗಳ ಸಾಲಿನಲ್ಲಿ ಅವರ ಕೋಣೆ ಕಡೆಯ ಪುಟಕ್ಕೆ ಹೋಗುತ್ತದೆ.

ನಾವು ಮೊದಲಿಗರೇನೂ ಅಲ್ಲ. ಸ್ಪೇನಿನ ಬಾರ್ಸಿಲೋನಾ ನಗರ ಎಷ್ಟೋ ವರ್ಷ ಈ ಸುಖವನ್ನುಂಡು, ಬಾಡಿಗೆದಾರರು ಬೀದಿಗೆ ಬಂದ ಮೇಲೆ, ತನ್ನ 10,101 ಪ್ರವಾಸಿ ಮನೆಗಳ ಪರವಾನಿಗೆಗಳನ್ನು 2028ರ ನವೆಂಬರಿನ ಮೇಲೆ ಮುಂದುವರಿಸುವುದಿಲ್ಲವೆಂದು 2024ರ ಜೂನಿನಲ್ಲಿ ಸಾರಿತು. ನ್ಯೂಯಾರ್ಕ್ ನಗರ 2023ರ ಸಪ್ಟೆಂಬರಿನಿಂದ ಜಾರಿಗೆ ತಂದ ಕಟ್ಟಳೆ ನನಗೆ ಹೆಚ್ಚು ಹಿಡಿಸಿದೆ. 30 ದಿನಗಳಿಗಿಂತ ಕಡಿಮೆಯ ವಾಸ್ತವ್ಯಕ್ಕೆ ಮನೆ ಕೊಡುವುದಾದರೆ ಮನೆಯವನು ಆ ಮನೆಯಲ್ಲಿಯೇ ಇರಬೇಕು, ಅತಿಥಿಗಳು ಇಬ್ಬರಿಗಿಂತ ಹೆಚ್ಚಿರಕೂಡದು, ನಗರಸಭೆಯಲ್ಲಿ ನೋಂದಣಿಯಾಗಿರಬೇಕು. ಬಂಡವಾಳದ ಕಾಶಿಯೆನಿಸಿಕೊಂಡ ಊರಿಗೇ ಇಷ್ಟು ಧೈರ್ಯ ಬಂದಿರುವಾಗ ಕಾರವಾರದ ನಗರಸಭೆಗೂ ಅಂಕೋಲೆಯ ಪುರಸಭೆಗೂ ಹೆದರಿಕೆ ಏತಕ್ಕೆ?

ಹೊಸ ಶಾಸನವೂ ಬೇಡ. ಒಡೆಯ ಕುಟುಂಬಸಮೇತ ವಾಸವಾಗಿರಬೇಕೆಂಬ ನಿಯಮ ಕಾಗದದಲ್ಲಿದೆ. ಅದನ್ನು ಓಣಿಗೆ ತರಬೇಕು. ಹೋಂ ಸ್ಟೇ ಎಂಬ ಫಲಕದ ಕೆಳಗೆ ಆ ಮನೆಯಲ್ಲಿ ವಾಸಿಸುವವರ ಹೆಸರಿರಲಿ. ಹೆಸರಿಲ್ಲದ ಮನೆ ಲಾಡ್ಜು. ಅದಕ್ಕೆ ಲಾಡ್ಜಿನ ಪರವಾನಿಗೆ, ಲಾಡ್ಜಿನ ದರ, ಲಾಡ್ಜಿನ ದಾಖಲೆ ಪುಸ್ತಕ. ಬಾವಿಗೆ ಬಾವಿ ತಾಗಿದ ವಾಸದ ಓಣಿಗಳಲ್ಲಿ ಲಾಡ್ಜಿಗೆ ಪರವಾನಿಗೆಯೇ ಬೇಡ. ಪೇಟೆಯಲ್ಲಿ, ಹೆದ್ದಾರಿಯ ಬದಿಯಲ್ಲಿ ಬೇಕಾದಷ್ಟು ಜಾಗವಿದೆ. ಮನೆಯವರು ಇರುವ ಕಡೆ ನೋಂದಣಿಯ ಶುಲ್ಕವನ್ನೂ ತೆಗೆದುಬಿಡಿ, ಕೋಣೆಯ ರಿಪೇರಿಗೆ ಸಾಲ ಕೊಡಿ.

ಯಾವ ಮನೆ ಯಾವ ಜಾತಿಯದೆಂದು ತಿಳಿಯುವುದು ಕಷ್ಟವೆಂದು ಅಧಿಕಾರಿಗಳು ಹೇಳುವುದುಂಟು. ಮೊಬೈಲಿನ ಜಾಹೀರಾತು ಎಲ್ಲರಿಗೂ ಕಾಣುತ್ತದೆ, ತೆರಿಗೆಯ ಪುಸ್ತಕ ಪುರಸಭೆಯಲ್ಲಿಯೇ ಇದೆ. ಅದೂ ಬೇಡವಾದರೆ ಮಂಗಳವಾರವೋ ಬುಧವಾರವೋ ಸಂಜೆ ದೀಪ ಹಚ್ಚುವ ಹೊತ್ತಿಗೆ ಇಬ್ಬರು ನೌಕರರು ಓಣಿಯಲ್ಲಿ ಸಾಲಾಗಿ ಕದ ತಟ್ಟುತ್ತ ಹೋಗಲಿ. ಯಾರು ತೆರೆದರು, ಎಲ್ಲಿ ಯಾರೂ ತೆರೆಯಲಿಲ್ಲ ಎಂಬುದನ್ನು ಬರೆದುಕೊಂಡು ಬರಲಿ. ಡಿಸೆಂಬರಿನ ಕಡೆಯ ವಾರಕ್ಕೆ ಮೊದಲು ಅದು ಮುಗಿಯಬೇಕು.